ಅಳು ಬಿಡಿಸಿದವಳು

ಭೀಮವ್ವನಿಗೆ ಮಕ್ಕಳ ಬಾಟಲಿ ಬಿಡಿಸುವುದು ಗೊತ್ತಿತ್ತು, ಬೆರಳು ಚೀಪುವುದನ್ನು ಬಿಡಿಸುವುದು ಗೊತ್ತಿತ್ತು, ಹಾಸಿಗೆ ಒದ್ದೆ ಮಾಡುವುದನ್ನು ಬಿಡಿಸುವುದಂತೂ ಅವಳ ಹಾಗೆ ಪುಣೆಯ ಇಡೀ ಬಿಬವೇವಾಡಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ಐದು ವರ್ಷದ ಚಿನ್ನುವಿಗೆ ಪ್ರೀತಿ ಬಿಡಿಸುವ ಕೆಲಸವನ್ನೂ ಶಿಶುಗೃಹದವರು ಅವಳಿಗೇ ವಹಿಸಿದರು.

ಭೀಮವ್ವ ಬೈಲಹೊಂಗಲದ ಕಡೆಯವಳು. ಗಂಡ ಸಂಕಪ್ಪ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿಯೊಂದರ ಗುಮಾಸ್ತನಾಗಿದ್ದ. ಅವನು ತೀರಿಕೊಂಡ ವರ್ಷ ಅವಳು ಅನಾಥ ಕೂಸುಗಳ ಈ ಶಿಶುಗೃಹದಲ್ಲಿ ಆಯಾ ಆಗಿ ಸೇರಿದಳು; ಹದಿಮೂರು ವರ್ಷವಾಗಿತ್ತು. ಚಿನ್ನು ಅಲ್ಲಿಗೆ ಬಂದಾಗ ಮೂರು ದಿನದ ಕೂಸು. ಮೇಲ್ದುಟಿ ಮೂಗಿನ ತನಕ ಸೀಳಿತ್ತು, ಕುಡಿಸಿದ ಹಾಲು ಮೂಗಿನಿಂದ ಹೊರಗೆ ಬರುತ್ತಿತ್ತು. ಇದು ಉಳಿಯುವ ಪೈಕಿ ಅಲ್ಲ ಎಂದು ಡಾಕ್ಟರೇ ಹೇಳಿದ್ದರು. ಭೀಮವ್ವ ಚಮಚೆಯಿಂದ ಹನಿಹನಿಯಾಗಿ ಹಾಲು ಹಾಕಿ, ಎರಡು ಆಪರೇಷನ್ನಿಗೆ ಆಸ್ಪತ್ರೆಯ ನೆಲದ ಮೇಲೆ ಮಲಗಿ, ಅದನ್ನು ಉಳಿಸಿದಳು. ಈಗ ತುಟಿಯ ಮೇಲೆ ಒಂದು ಓರೆ ಗೀಟು ಮಾತ್ರ ಇತ್ತು. ನಕ್ಕಾಗ ಬಾಯಿ ಒಂದು ಕಡೆ ಮೇಲಕ್ಕೆ ಹೋಗುತ್ತಿತ್ತು. ಅದರ ಬಗ್ಗೆ ಯಾರಾದರೂ ಮಗುವಿನ ಎದುರು ಬಾಯಿ ಬಿಟ್ಟರೆ ಭೀಮವ್ವ ಅವರನ್ನು ನಿಂತ ಜಾಗದಲ್ಲೇ ನೀರಿಳಿಸುತ್ತಿದ್ದಳು.

ದತ್ತು ತೆಗೆದುಕೊಳ್ಳಲೆಂದು ಮಗುವನ್ನು ನೋಡಲು ಮೂರು ಜೋಡಿ ಬಂದು ಹೋದವು. ಮೂರೂ ಜೋಡಿ ಒಳ್ಳೆಯ ಮನೆತನದವರು, ಓದಿದವರು, ಹಿಂಜವಾಡಿಯಲ್ಲಿ ಫ್ಲ್ಯಾಟ್ ಇದ್ದವರು. ಮೂರೂ ಜೋಡಿ ಮಗುವಿನ ಕಣ್ಣು ಎಷ್ಟು ಚೆಂದ ಎಂದು ಹೊಗಳಿ, ಬಿಸ್ಕೀಟು ಕೊಟ್ಟು, ತುಟಿಯ ಕಡೆ ನೋಡದ ಹಾಗೆ ನೋಡಿ, ಫೋನ್ ಮಾಡುತ್ತೇವೆ ಎಂದು ಹೇಳಿ ಹೋದವು. ಕಾಯ್ದೆ ಕಾನೂನು ತಿಳಿಯದ ಭೀಮವ್ವ ಪುಣೆ ಜಿಲ್ಲೆಯ ಕುರಕುಂಭದಲ್ಲಿದ್ದ ತನ್ನ ಮಗಳು ಭಾಮಾಳಿಗೂ ಒಮ್ಮೆ ಫೋಟೊ ತೋರಿಸಿದಳು. ಭಾಮಾ ಫೋಟೊವನ್ನು ದೊಡ್ಡದು ಮಾಡಿ ನೋಡಿ, "ಯವ್ವಾ, ನಾಳೆ ಇದರ ಲಗ್ನಾ ಯಾರ ಜೋಡಿ ಮಾಡ್ಲಿ?" ಎಂದಳು. ಭೀಮವ್ವ ಆಮೇಲೆ ಮೂರು ತಿಂಗಳು ಮಗಳ ಮನೆಗೆ ಹೋಗಲಿಲ್ಲ.

ಹಾಗಿರುವಾಗ ಇಟಲಿಯ ಗಂಡ-ಹೆಂಡತಿ ಇಬ್ಬರು ಕಡತದಲ್ಲಿ ಚಿನ್ನುವನ್ನು ನೋಡಿ ಹೂಂ ಎಂದರು. ತುಟಿಯ ಫೋಟೊ ನೋಡಿಯೇ ಹೂಂ ಎಂದಿದ್ದರು. ತಮ್ಮ ಮನೆ, ಕಂದು ನಾಯಿ, ಮಗುವಿಗೆಂದು ಹಳದಿ ಬಣ್ಣ ಬಳಿದ ಕೋಣೆ, ಎಲ್ಲದರ ಫೋಟೊ ಅಂಟಿಸಿದ ಒಂದು ಆಲ್ಬಮ್ ಕಳಿಸಿದರು. ಜಿಲ್ಲಾಧಿಕಾರಿಯ ಆದೇಶ ಆಯಿತು, ಪಾಸ್‌ಪೋರ್ಟು ಬಂತು. ಫೆಬ್ರುವರಿಯಲ್ಲಿ ಬಂದು ಒಯ್ಯುವುದೆಂದು ಗೊತ್ತಾಯಿತು. ಏಪ್ರಿಲ್ಲಿಗೆ ಚಿನ್ನುವಿಗೆ ಆರು ತುಂಬುತ್ತಿತ್ತು. ಆರು ತುಂಬಿದ ಮಗುವನ್ನು ಶಿಶುಗೃಹ ಇಟ್ಟುಕೊಳ್ಳುವಂತಿಲ್ಲ. ದೊಡ್ಡ ಹುಡುಗಿಯರ ವಸತಿಗೃಹಕ್ಕೆ ಕಳಿಸಬೇಕು, ಅಲ್ಲಿಂದ ಯಾರ ಮನೆಗೂ ಯಾರೂ ಹೋದ ದಾಖಲೆ ಇರಲಿಲ್ಲ. ಇಟಲಿ, ಇಲ್ಲವೆಂದರೆ ಅದು. ಇಷ್ಟು ಭೀಮವ್ವನಿಗೆ ಸರಿಯಾಗಿ ಗೊತ್ತಿತ್ತು.

ತೊಂದರೆ ಆದದ್ದು ವಿಡಿಯೊ ಕಾಲಿನಲ್ಲಿ. ಪರದೆಯಲ್ಲಿ ಇಟಲಿಯ ಹೆಂಗಸು ಕೈ ಬೀಸುತ್ತಿದ್ದರೆ ಚಿನ್ನು ಭೀಮವ್ವನ ಸೆರಗಿನೊಳಗೆ ತಲೆ ತೂರಿಸಿ ಹೊರಗೆ ಬರಲೇ ಇಲ್ಲ. ನಾಲ್ಕು ಸಲವೂ ಹಾಗೇ ಆಯಿತು. ನಾಲ್ಕನೆಯ ಸಲ ಕಾಲ್ ಮುಗಿದ ಮೇಲೆ ಅಧೀಕ್ಷಕಿ ನೀಲಿಮಾ ಭೀಮವ್ವನನ್ನು ಕಚೇರಿಗೆ ಕರೆದು ಬಾಗಿಲು ಹಾಕಿದಳು. ನೀಲಿಮಾ ಧಾರವಾಡದವಳು. ಹೊರಗೆ ದಿನವಿಡೀ ಮರಾಠಿ ಆಡಿದರೂ ಭೀಮವ್ವನ ಜೊತೆ, ಅದರಲ್ಲೂ ಬೇರೆಯವರಿಗೆ ಕೇಳಬಾರದ ಮಾತಿದ್ದಾಗ, ಕನ್ನಡ ಆಡುತ್ತಿದ್ದಳು.

"ಹೋದ ವರ್ಷ ಪ್ರಲ್ಹಾದನ ಹಣೇಬಾರ ನೋಡಿದ್ಯಲ್ಲ, ಭೀಮವ್ವಾ."

ಪ್ರಲ್ಹಾದ ನಾಲ್ಕು ವರ್ಷದ ಹುಡುಗ. ಒಯ್ಯಲು ಬಂದವರ ಕೈ ಕಚ್ಚಿ, ಆಯಾಳ ಹೆಸರು ಹಿಡಿದು ಚೀರಿ, ವಿಮಾನ ನಿಲ್ದಾಣದ ನೆಲದ ಮೇಲೆ ಉರುಳಾಡಿದ್ದ. ಬಂದವರು ಹೆದರಿ ಅವನನ್ನು ಬಿಟ್ಟು ಹೋಗಿದ್ದರು.

"ನೋಡೀನ್ರಿ ಬಾಯಾರ."

"ಇದೂ ಹಂಗ ಮಾಡ್ತದ. ನಿನ್ನ ಬಿಟ್ಟು ಅದಕ್ಕ ಜಗತ್ತs ಇಲ್ಲ."

"ನಾ ಒಂದ ತಿಂಗಳ ರಜಾ ಹಾಕಿ ಊರಿಗೆ ಹೋಗ್ಲೇನ್ರಿ?"

"ನೀ ಊರಿಗೆ ಹೋದ್ರ ಅದು ಬಾಗಿಲದಾಗ ನಿನ್ನ ದಾರಿ ಕಾಯಕೋತ ಕೂಡತದ. ಕಾಯೋ ಕೂಸು ಯಾರ ಕಡೇನೂ ಹೋಗೂದಿಲ್ಲ. ನೀ ಇಲ್ಲೇ ಇದ್ದು ಕೆಟ್ಟಾಕಿ ಆಗಬೇಕು. ಆವಾಗ ತಾನ ಬಿಟ್ಟು ಹೋಗತದ. ಇನ್ನ ನಲವತ್ತು ದಿನ ಅದಾವ."

ನೀಲಿಮಾ ಕೆಟ್ಟವಳಲ್ಲ ಎಂದು ಹೇಳಬಹುದಿತ್ತು, ಹೇಳುವುದಿಲ್ಲ. ಮಕ್ಕಳಿಗೆ ಮನೆ ಸಿಗಲಿ ಎಂದು ಅವಳಿಗೆ ನಿಜಕ್ಕೂ ಇತ್ತು, ಆದರೆ ಆ ಕೆಲಸದಲ್ಲಿ ಯಾರ ಕರುಳು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುವ ವ್ಯವಧಾನ ಇರಲಿಲ್ಲ. "ಅದರ ಒಳ್ಳೇದಕ್ಕs ಹೇಳ್ತೀನಿ," ಎಂದಳು. ಭೀಮವ್ವ ತಲೆಯಾಡಿಸಿದಳು.

ಮರುದಿನ ಬೆಳಿಗ್ಗೆ ಚಿನ್ನು ಜಡೆ ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಬಂದು ಎಂದಿನಂತೆ ಮಂಡಿಗಳ ನಡುವೆ ಕೂತಿತು. ಭೀಮವ್ವ ಎದ್ದು ಬೇರೆ ಹುಡುಗಿಯ ತಲೆ ಬಾಚತೊಡಗಿದಳು. ಚಿನ್ನು ಅದನ್ನು ಆಟ ಎಂದುಕೊಂಡು ನಕ್ಕಿತು. ಮಧ್ಯಾಹ್ನ ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ಕೊಡಲಿಲ್ಲ. ಎಲ್ಲರ ಹಾಗೆ ತಟ್ಟೆಯಲ್ಲಿ ಹಾಕಿ ಕೊಟ್ಟಳು. ಅದಕ್ಕೂ ನಕ್ಕಿತು. ಮೂರನೆಯ ದಿನ ನಗಲಿಲ್ಲ. ಐದನೆಯ ದಿನ ಸೆರಗು ಹಿಡಿದು ಹಿಂದೆ ಹಿಂದೆ ತಿರುಗಿ, "ಅವ್ವಾ, ನಾ ಏನ ಮಾಡೀನಿ?" ಎಂದು ಕೇಳಿತು. ಏನೂ ಮಾಡಿರದವರಿಗೆ ಏನೆಂದು ಉತ್ತರ ಕೊಡುವುದು? ಭೀಮವ್ವ ಸೆರಗು ಕಿತ್ತುಕೊಂಡು, "ನಾ ನಿಮ್ಮವ್ವ ಅಲ್ಲ. ಎಲ್ಲಾ ಹುಡುಗರಂಗ ಮೌಶಿ ಅನ್ನು," ಎಂದಳು.

ಚಿನ್ನು ಅತ್ತಿತು. ಮೊದಲ ಎರಡು ವಾರ ಅದು ಅತ್ತ ಅಳುವನ್ನು ಶಿಶುಗೃಹದ ಗೋಡೆಗಳು ಕೇಳಿಸಿಕೊಂಡವು, ಕಾವಲುಗಾರ ಪಂಢರಿನಾಥ ಕೇಳಿಸಿಕೊಂಡ, ಪಕ್ಕದ ಕಿರಾಣಿ ಅಂಗಡಿಯವನೂ ಕೇಳಿಸಿಕೊಂಡ. ಭೀಮವ್ವ ಕೇಳಿಸಿಕೊಳ್ಳಲಿಲ್ಲ. ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ತಾನೂ ಒಂದಿಷ್ಟು ಅತ್ತು, ಮುಖ ತೊಳೆದು ಹೊರಗೆ ಬರುತ್ತಿದ್ದಳು.

ಹದಿನೇಳನೆಯ ದಿನ ಚಿನ್ನು ಜೋಕಾಲಿಯಿಂದ ಬಿದ್ದು ಮೊಳಕೈ ಕಿತ್ತುಕೊಂಡಿತು. ಅಂಗಳದ ತುಂಬ ಬೇರೆ ಆಯಾಗಳಿದ್ದರು. ಅವರೆಲ್ಲರನ್ನೂ ದಾಟಿ, ರಕ್ತ ಸುರಿಯುವ ಕೈ ಮುಂದೆ ಹಿಡಿದುಕೊಂಡು, ಅದು ಭೀಮವ್ವನ ಹತ್ತಿರವೇ ಓಡಿ ಬಂತು. ಭೀಮವ್ವನ ಕೈ ಎರಡೂ ಮುಂದೆ ಹೋದವು. ಮೇಲಿನ ಕಿಟಕಿಯಲ್ಲಿ ನೀಲಿಮಾ ನಿಂತಿದ್ದಳು. ಭೀಮವ್ವ ಚಾಚಿದ ಕೈಗಳಿಂದ ಪಕ್ಕದಲ್ಲಿದ್ದ ಇನ್ನೊಂದು ಮಗುವನ್ನು ಎತ್ತಿಕೊಂಡು, ಚಿನ್ನುವಿನ ಮುಖ ನೋಡಿ ಹೇಳಿದಳು:

"ಅಳೋ ಹುಡುಗೇರನ್ನ ಯಾರೂ ಮನೀಗೆ ಒಯ್ಯೂದಿಲ್ಲ. ಅತ್ತಿ ಅಂದ್ರ ಇಲ್ಲೇ ಕೊಳೀತಿ."

ಆ ಮಾತು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಆಶ್ಚರ್ಯವಾಯಿತು. ನಾಟಕವೆಂದು ಶುರು ಮಾಡಿದ್ದು ಎಲ್ಲೋ ನಡುವೆ ನಾಟಕವಾಗಿ ಉಳಿದಿರಲಿಲ್ಲ. ಹೋಗುವವಳು ನೀನು, ಹಳದಿ ಕೋಣೆ ನಿನಗೆ, ಕಂದು ನಾಯಿ ನಿನಗೆ, ನನಗೇನಿದೆ ಎಂಬ ಸಿಟ್ಟು ಅವಳ ಹೊಟ್ಟೆಯೊಳಗೆ ಮೊದಲೇ ಇತ್ತು. ನೀಲಿಮಾ ಅದಕ್ಕೆ ಪರವಾನಗಿ ಕೊಟ್ಟಳು, ಅಷ್ಟೇ. ಐದು ವರ್ಷ ಮುದ್ದು ಮಾಡಿದ ಬಾಯಿ ಬಯ್ಯುವುದರಲ್ಲೂ ಒಂದು ರುಚಿ ಕಂಡಿತು. ಇದನ್ನು ಅವಳು ಯಾರಿಗೂ ಹೇಳಿಲ್ಲ.

ಚಿನ್ನು ಅವತ್ತು ಅಳು ನುಂಗಿತು. ಆಮೇಲೆ ಮತ್ತೆ ಅಳಲಿಲ್ಲ. ಜ್ವರ ಬಂತು, ಸೂಜಿ ಚುಚ್ಚಿದರು, ಅಳಲಿಲ್ಲ. ಬೇರೆ ಮಕ್ಕಳು ತಳ್ಳಿದರೆ ಎದ್ದು ಲಂಗ ಕೊಡವಿಕೊಂಡು ಹೋಗುತ್ತಿತ್ತು. ಆಯಾಗಳಲ್ಲಿ ಯಾರು ಕರೆದರೂ ಬಂತು, ಯಾರು ಕಳಿಸಿದರೂ ಹೋಯಿತು. ವಿಡಿಯೊ ಕಾಲಿನಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತು ಕೈ ಬೀಸಿತು. ನೀಲಿಮಾ ಖುಷಿಯಾಗಿ ಭೀಮವ್ವನ ಬೆನ್ನು ತಟ್ಟಿದಳು.

ಫೆಬ್ರುವರಿಯ ಎರಡನೆಯ ಸೋಮವಾರ ಇಟಲಿಯವರು ಬಂದರು. ಗಂಡ ಎತ್ತರದ ಮನುಷ್ಯ, ಮಾತು ಕಡಿಮೆ, ಕೈಯಲ್ಲಿ ಸದಾ ಫೋನು ಹಿಡಿದು ಎಲ್ಲದರ ವಿಡಿಯೊ ತೆಗೆಯುತ್ತಿದ್ದ. ಹೆಂಡತಿ ನಲವತ್ತು ದಾಟಿದವಳು. ಮಗುವನ್ನು ನೋಡಿದ ಕೂಡಲೇ ನೆಲದ ಮೇಲೆ ಕೂತುಬಿಟ್ಟಳು. ಶಿಶುಗೃಹದ ಪದ್ಧತಿಯಂತೆ ಅವಳ ಹಣೆಗೆ ಕುಂಕುಮ ಇಟ್ಟು, ಉಡಿಯಲ್ಲಿ ಅಕ್ಕಿ, ತೆಂಗಿನಕಾಯಿ ಹಾಕಿದರು. ಕಾಯಿ ತೆಗೆದ ಮೇಲೆ ಆ ಉಡಿಯಲ್ಲಿ ಮಗುವನ್ನು ಇಡಬೇಕು. ಇಡುವುದು ಸಾಕಿದ ಆಯಾಳ ಕೆಲಸ. ಹದಿಮೂರು ವರ್ಷದಲ್ಲಿ ಭೀಮವ್ವ ಹಾಗೆ ಎಷ್ಟೋ ಮಕ್ಕಳನ್ನು ಇಟ್ಟಿದ್ದಳು. ಈ ಸಲ ಅವಳ ಕೈ ತಗಲುವ ಮೊದಲೇ ಚಿನ್ನು ತಾನಾಗಿ ನಡೆದು ಹೋಗಿ ಆ ಹೆಂಗಸಿನ ತೊಡೆಯ ಮೇಲೆ ಕೂತಿತು.

"ನೋಡಿ, ಒಂದು ಹನಿ ಕಣ್ಣೀರಿಲ್ಲ," ಎಂದು ನೀಲಿಮಾ ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳಿದಳು. ಇಟಲಿಯ ಹೆಂಗಸು ಮಗುವಿನ ಮುಖ ನೋಡಿದಳು, ಆಮೇಲೆ ಭೀಮವ್ವನ ಮುಖ ನೋಡಿದಳು. ಕ್ಯಾಬು ಹೊರಟಾಗ ಚಿನ್ನು ಹಿಂತಿರುಗಿ ನೋಡಲಿಲ್ಲ. ಉಳಿದ ಕಾಗದಪತ್ರ ಆಗುವ ತನಕ ಹತ್ತು ದಿನ ಪುಣೆಯ ಹೋಟೆಲಿನಲ್ಲಿದ್ದು ಅವರು ಇಟಲಿಗೆ ಹೋಗುವವರಿದ್ದರು. ಭೀಮವ್ವನಿಗೆ ಒಂದು ಇಳಕಲ್ ಸೀರೆ ಸಿಕ್ಕಿತು.

ಆರನೆಯ ದಿನ ಬೆಳಿಗ್ಗೆ ಅದೇ ಕ್ಯಾಬು ತಿರುಗಿ ಬಂತು. ಗಂಡನ ಒಂದು ಕೈಯಲ್ಲಿ ಚಿನ್ನುವಿನ ಹೊಸ ಗುಲಾಬಿ ಪೆಟ್ಟಿಗೆ ಇತ್ತು. ಹೆಂಡತಿಯ ಕಣ್ಣು ಊದಿಕೊಂಡಿದ್ದವು. ಚಿನ್ನು ಹೊಸ ಬೂಟು ಹಾಕಿಕೊಂಡು, ಕರೆದ ಕಡೆಗೆಲ್ಲ ಹೋಗುತ್ತ, ಕೂರಿಸಿದ ಕಡೆ ಕೂರುತ್ತ ಬಂತು.

ಅವರು ನೀಲಿಮಾಳಿಗೆ ಹೇಳಿದ್ದು ಇಷ್ಟು. ಮಗು ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಹಣೆ ಒಡೆದುಕೊಂಡಿತು, ಅಳಲಿಲ್ಲ. ಹೋಟೆಲಿನ ಮಾಣಿ ಕೈ ಚಾಚಿದರೆ ಅವನ ಜೊತೆ ಹೋಯಿತು, ಲಿಫ್ಟಿನಲ್ಲಿ ಸಿಕ್ಕ ಯಾರದೋ ಕೈ ಹಿಡಿದುಕೊಂಡು ಹೋಯಿತು. ತಾವು ದತ್ತು ತೆಗೆದುಕೊಳ್ಳುವವರಿಗೆಂದೇ ಇರುವ ತರಬೇತಿಯನ್ನು ಎರಡು ವರ್ಷ ತೆಗೆದುಕೊಂಡವರು. ಸಾಕಿದವಳನ್ನು ಬಿಟ್ಟು ಬರುವಾಗ ಅಳುವ ಮಗು ಮುಂದೆ ಹೊಸಬರನ್ನೂ ಹಚ್ಚಿಕೊಳ್ಳುತ್ತದೆ, ಅಳದೆ ಬರುವ ಮಗುವಿನ ವಿಷಯದಲ್ಲಿ ಎಚ್ಚರ ಎಂದು ಅಲ್ಲಿ ಕಲಿಸಿದ್ದರು. ನಿನ್ನೆ ಅವರ ಮನೋವೈದ್ಯೆ ಫೋನಿನಲ್ಲಿ ಎಲ್ಲ ಕೇಳಿ, ವಿಡಿಯೊ ಕಾಲಿನಲ್ಲಿ ಸೆರಗಿನೊಳಗೆ ಅಡಗಿದ್ದು ಬರೀ ಹೆದರಿಕೆ, ಈ ಮಗು ಹುಟ್ಟಿದಾಗಿನಿಂದ ಯಾರನ್ನೂ ಹಚ್ಚಿಕೊಂಡಂತಿಲ್ಲ, ನಿಮ್ಮಿಂದ ಆಗುವ ಕೆಲಸವಲ್ಲ ಎಂದಿದ್ದಳು. ತುಟಿಗೆ ನಾವು ಹೆದರಲಿಲ್ಲ, ಇದಕ್ಕೆ ಹೆದರಿದೆವು ಎಂದು ಹೇಳಿ ಹೆಂಗಸು ಬಿಕ್ಕಳಿಸಿದಳು.

ಪ್ರಲ್ಹಾದ ಅತ್ತನೆಂದು ಬಿಟ್ಟು ಹೋದರು, ಚಿನ್ನು ಅಳಲಿಲ್ಲವೆಂದು ಬಿಡಲು ಬಂದಿದ್ದರು. ನೀಲಿಮಾಳ ಮುಖ ಬಿಳುಚಿತು. ನಾವೇ ಅಳು ಬಿಡಿಸಿದೆವು ಎಂದು ಹೇಳಿದರೆ ಶಿಶುಗೃಹದ ಪರವಾನಗಿ ಹೋಗುತ್ತಿತ್ತು. ಅವಳು ಕೈ ಜೋಡಿಸಿ, ಛೆ ಛೆ, ಇದು ತಪ್ಪು ತಿಳಿವಳಿಕೆ, ನಮ್ಮ ಆಯಾ ಮತ್ತು ಈ ಮಗು ತಾಯಿ-ಮಗಳ ಹಾಗೆ, ಬೇಕಾದರೆ ನೀವೇ ನೋಡಿ ಎಂದಳು. ಗಂಡ ಹೆಂಡತಿಯ ಮುಖ ನೋಡಿ, ಸರಿ, ನೋಡೋಣ ಎಂದ.

ಭೀಮವ್ವನನ್ನು ಕರೆಸಿದರು. ಅವಳು ಒಳಗೆ ಬಂದವಳೇ ಹಣೆಯ ಮೇಲಿನ ಪಟ್ಟಿ ನೋಡಿದಳು. ನೆಲದ ಮೇಲೆ ಕೂತು ಎರಡೂ ಕೈ ಚಾಚಿ, "ಬಾ ನನ್ನವ್ವ, ಬಾ ಚಿನ್ನು," ಎಂದಳು.

ಚಿನ್ನು ಬಂತು. ಕರೆದರಲ್ಲ, ಅದಕ್ಕೆ ಬಂತು. ಭೀಮವ್ವ ತಬ್ಬಿಕೊಂಡಳು, ತಲೆ ನೇವರಿಸಿದಳು, "ತಪ್ಪಾತವ್ವಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ, ಎಲ್ಲಾ ಸುಳ್ಳ ಸಿಟ್ಟು," ಎಂದಳು. ಅವಳ ಕಣ್ಣಿನಿಂದ ನೀರು ಇಳಿಯಿತು. ಚಿನ್ನು ಅವಳ ತೋಳಿನೊಳಗೆ ಕಟ್ಟಿಗೆಯ ಹಾಗೆ ನಿಂತು, ಅವಳ ಕಣ್ಣೀರನ್ನು ಗಮನವಿಟ್ಟು ನೋಡಿ, ಮೆಲ್ಲಗೆ ಹೇಳಿತು: "ಅಳಬ್ಯಾಡ್ರಿ ಮೌಶಿ. ಅತ್ತರ ಯಾರೂ ಒಯ್ಯೂದಿಲ್ಲ."

ಇಟಲಿಯ ಹೆಂಗಸಿಗೆ ಮಾತು ತಿಳಿಯಲಿಲ್ಲ. ಮಗು ಅಳಲಿಲ್ಲ ಎಂಬುದು ಮಾತ್ರ ತಿಳಿಯಿತು. ಅವಳು ಚೀಲದಿಂದ ಚಿನ್ನುವಿನ ಪಾಸ್‌ಪೋರ್ಟು ತೆಗೆದು ಮೇಜಿನ ಮೇಲೆ ಇಟ್ಟಳು. ಗಂಡ ಪೆಟ್ಟಿಗೆಯನ್ನು ಗೋಡೆಯ ಬದಿಗೆ ಸರಿಸಿದ.

ನೀಲಿಮಾ ನಗುಮುಖ ಬದಲಿಸದೆ, ಸಮಾಧಾನ ಹೇಳುವ ಧಾಟಿಯಲ್ಲಿ ಕನ್ನಡದಲ್ಲಿ ಹೇಳಿದಳು: "ಹೆಂಗರ ಮಾಡಿ ಅಳಸು, ಭೀಮವ್ವಾ. ಇವರು ಎದ್ದು ಹೊಂಟಾರ. ಹೋದ್ರ ಮುಗೀತು."

ಹೇಗಾದರೂ ಎಂದರೆ ಏನು ಎಂದು ಭೀಮವ್ವನಿಗೆ ಗೊತ್ತಿತ್ತು. ಈ ಮಗುವನ್ನು ಸೀಳುವ ಮಾತು ಒಂದೇ ಇತ್ತು. ನಲವತ್ತು ದಿನದಲ್ಲೂ ಅವಳು ಅದನ್ನು ಮುಟ್ಟಿರಲಿಲ್ಲ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಿನ್ನುವಿನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಬಾಯಿ ತುಂಬ ನಕ್ಕಳು. ಕೂಸನ್ನು ಮಲಗಿಸುವ ದನಿ ತೆಗೆದು, ನಿಧಾನವಾಗಿ, ಪ್ರತಿಯೊಂದು ಮಾತೂ ಕೇಳಿಸುವ ಹಾಗೆ ಹೇಳಿದಳು:

"ಚಿನ್ನವ್ವಾ, ನಿನ್ನ ಹಡದಾಕಿ ಈ ಹರಕ ತುಟಿ ನೋಡಿ ಹೇಸಿದ್ಲು. ಹೇಸಿ, ಮಾರ್ಕೆಟ್ ಯಾರ್ಡಿನ ಕಸದಾಗ ಒಗದು ಹೋದ್ಲು. ನಾಯಿನೂ ಮೂಸಿ ನೋಡಿ ಬಿಟ್ಟು ಹೋಗಿತ್ತು. ನಾನೂ ಹೇಸ್ತಿದ್ದೆ. ದಿನಾ ಹೇಸ್ತಿದ್ದೆ. ಸಂಬಳಾ ಕೊಡ್ತಾರಂತ ಎತಗೊಂತಿದ್ದೆ. ನಿನ್ನ ಯಾರೂ, ಯಾವತ್ತೂ, ಪ್ರೀತಿ ಮಾಡಿಲ್ಲ. ಮಾಡೂದೂ ಇಲ್ಲ."

ಚಿನ್ನುವಿನ ಗಲ್ಲ ಅವಳ ಅಂಗೈಯೊಳಗೆ ನಡುಗಿತು. ತುಟಿ ಒಂದು ಕಡೆ ಮೇಲಕ್ಕೆ ಹೋಯಿತು. ಮೊದಲು ಉಸಿರು ಸಿಕ್ಕಿಕೊಂಡಿತು, ಆಮೇಲೆ ಒಂದು ತಿಂಗಳ ಅಳು ಒಟ್ಟಿಗೆ ಬಂತು. ಅಷ್ಟು ಅಂದವಳನ್ನು ಅದು ತಳ್ಳಬೇಕಿತ್ತು, ಹೊಡೆಯಬೇಕಿತ್ತು, ಬಿಟ್ಟು ಓಡಬೇಕಿತ್ತು. ಅದು ಭೀಮವ್ವನ ಕೊರಳಿಗೇ ಬಿತ್ತು. ಎರಡೂ ಕೈ ಹಾಕಿ, ಕಾಲು ಸುತ್ತಿ, ಅವಳ ಭುಜದೊಳಗೆ ಮುಖ ಒತ್ತಿ, "ಅವ್ವಾ, ಅವ್ವಾ, ಹಂಗ ಅನಬ್ಯಾಡ," ಎಂದು ಚೀರಿತು. ಮಕ್ಕಳಿಗೆ ಹೋಗಲು ಬೇರೆ ಜಾಗ ಇರುವುದಿಲ್ಲ.

ಇಟಲಿಯ ಹೆಂಗಸು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಎದ್ದು ನಿಂತಿದ್ದಳು. ಅವಳೂ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಪ್ರೀತಿ ಇದೆ, ಇದಕ್ಕೆ ಪ್ರೀತಿ ಮಾಡಲು ಬರುತ್ತದೆ ಎಂದು ಗಂಡನಿಗೆ ಮತ್ತೆ ಮತ್ತೆ ಹೇಳಿದಳು. ಮೇಜಿನ ಮೇಲಿನ ಪಾಸ್‌ಪೋರ್ಟು ತಿರುಗಿ ಚೀಲದೊಳಗೆ ಹೋಯಿತು. ಭೀಮವ್ವ ಅದನ್ನು ನೋಡಿದಳು. ನೋಡಿ, ಮಗುವನ್ನು ಒಂದು ಸಲ ಗಟ್ಟಿಯಾಗಿ ಅಪ್ಪಿ, ಆಮೇಲೆ ತನ್ನ ಕೊರಳಿನಿಂದ ಅದರ ಬೆರಳುಗಳನ್ನು ಒಂದೊಂದಾಗಿ ತಾನೇ ಬಿಡಿಸಿ ಆ ಹೆಂಗಸಿನ ಕೈಗೆ ಕೊಟ್ಟಳು.

"ಈ ತಾಯಿ ಏನು ಹೇಳಿದಳು?" ಎಂದು ಹೆಂಗಸು ನೀಲಿಮಾಳನ್ನು ಕೇಳಿದಳು.

ನೀಲಿಮಾ ಒಂದು ಗುಟುಕು ನೀರು ಕುಡಿದಳು. "ನೀನು ಎಲ್ಲೇ ಇದ್ದರೂ ನನ್ನ ಮಗಳು, ಸುಖವಾಗಿರು ಅಂದಳು," ಎಂದಳು.

ಆಗ ಗಂಡ ತನ್ನ ಫೋನನ್ನು ಮುಂದೆ ಹಿಡಿದು ತೋರಿಸಿದ. ಎಲ್ಲವನ್ನೂ ದನಿಯ ಸಮೇತ ವಿಡಿಯೊ ಮಾಡಿಕೊಂಡಿದ್ದ. ಪರದೆಯಲ್ಲಿ ಭೀಮವ್ವ ಮಗುವಿನ ಮುಖ ಹಿಡಿದು ನಗುತ್ತಿದ್ದಳು. ಹೆಂಗಸು ಭೀಮವ್ವನ ಎರಡೂ ಕೈ ಹಿಡಿದು ಏನೋ ಹೇಳಿದಳು; ನೀಲಿಮಾ ಅದನ್ನು ಕನ್ನಡಕ್ಕೆ ತರುವಾಗ ನೆಲ ನೋಡುತ್ತಿದ್ದಳು.

"ದಿನಾ ಮಲಗೋ ಮುಂದ ಇದನ್ನ ಹಾಕಿ ಕೇಳಸ್ತಾರಂತ. ಕೂಸು ತನ್ನ ಅವ್ವನ ದನಿ, ತನ್ನ ಭಾಷಾ ಮರೀಬಾರದಂತ. ದೊಡ್ಡಾಕಿ ಆದ ಮ್ಯಾಲ ಅರ್ಥಾ ಕಲಸ್ತಾರಂತ."

"ಬಾಯಾರ," ಎಂದಳು ಭೀಮವ್ವ. "ಅದನ್ನ ತಗೀಲಿಕ್ಕೆ ಹೇಳ್ರಿ. ನಿಮ್ಮ ಕಾಲ ಬೀಳ್ತೀನಿ."

"ಏನಂತ ಹೇಳಿ ತಗಸ್ಲಿ?"

ನಿಜ ಹೇಳಿದರೆ ಪಾಸ್‌ಪೋರ್ಟು ಮತ್ತೆ ಮೇಜಿನ ಮೇಲೆ ಬರುತ್ತಿತ್ತು. ಅವಳು ಕ್ಯಾಬಿನ ತನಕ ಹಿಂದೆ ಹಿಂದೆ ನಡೆದು ಬಂದಳು. ಚಿನ್ನು ಹಿಂದಿನ ಸೀಟಿನಲ್ಲಿ ಬಿಕ್ಕಿ ಬಿಕ್ಕಿ ಕಿಟಕಿಯ ಗಾಜು ಬಡಿಯುತ್ತಿತ್ತು. ಪಂಢರಿನಾಥ ಗೇಟು ತೆರೆದ. ರಸ್ತೆಯಲ್ಲಿ ಗಾಡಿಗಳು ತುಂಬಿ ಕ್ಯಾಬು ಗೇಟಿನಲ್ಲೇ ನಿಂತುಬಿಟ್ಟಿತು. ಮಗುವಿಗೆ ಗಾಳಿಯಾಡಲೆಂದು ಹೆಂಗಸು ಗಾಜು ಇಳಿಸಿದಳು, ಎದೆಗೆ ಒತ್ತಿಕೊಂಡಳು, ಬೆನ್ನು ತಟ್ಟಿದಳು. ಅಳು ನಿಲ್ಲಲಿಲ್ಲ. ಏನು ಮಾಡುವುದೆಂದು ತಿಳಿಯದೆ ಗಂಡನ ಕೈಯಿಂದ ಫೋನು ಇಸಿದುಕೊಂಡು, ದನಿ ದೊಡ್ಡದು ಮಾಡಿ, ಚಿನ್ನುವಿನ ಕಿವಿಯ ಹತ್ತಿರ ಹಿಡಿದಳು.

ಚಿನ್ನವ್ವಾ, ಎಂದು ಭೀಮವ್ವನ ದನಿ ಕಾರಿನೊಳಗಿಂದ ಶುರುವಾಯಿತು.